ಫಾರಂ ಕಾಣಿಸಿದರೆ ಸಾಲದು, ತುಂಬಿದ್ದು ನಿಮಗೆ ತಲುಪಬೇಕು

ಸ್ವಂತ ವೆಬ್ ಪುಟ ಮಾಡಿಕೊಂಡವರು ಕೊನೆಗೆ ಒಂದು ‘ಸಂಪರ್ಕಿಸಿ’ ಫಾರಂ ಸೇರಿಸುತ್ತಾರೆ. ಸಂಗೀತ ಪಾಠ ಹೇಳುವವರು, ಮದುವೆ ಫೋಟೊ ತೆಗೆಯುವವರು, ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರುವವರು, ಎಲ್ಲರಿಗೂ ಅದು ಬೇಕು. ಸರಿಮಾಡಿಕೊಡಿ ಎಂದು ನನ್ನ ಬಳಿ ಬರುವವರ ದೂರು ಹೆಚ್ಚುಕಡಿಮೆ ಒಂದೇ: ನೋಡೋಕೆ ಚೆನ್ನಾಗಿದೆ, ಬಟನ್ ಒತ್ತಿದರೆ ಏನೋ ಆಗುತ್ತದೆ, ಆದರೆ ಮೆಸೇಜ್ ಬರುವುದಿಲ್ಲ, ಬಂದರೂ ಅರ್ಧ ಖಾಲಿ. ಕಾರಣವೂ ಬಹುಪಾಲು ಒಂದೇ. ಅದು ಮೂರನೇ ಹಂತದಲ್ಲಿದೆ.

ಹಂತ 1. ಪುಟದ ಹೆಡ್ ಭಾಗದ ಶುರುವಿನಲ್ಲೇ ಯುಟಿಎಫ್-8 (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಕ್ರಮ) ಎಂದು ತಿಳಿಸುವ ಮೆಟಾ ಟ್ಯಾಗ್ ಹಾಕಿ. ಕನ್ನಡ ಅಕ್ಷರ ಕೆಡಬಾರದು ಅಂದರೆ ಇದು ಬೇಕೇ ಬೇಕು.

ಹಂತ 2. ಫಾರಂ ಟ್ಯಾಗ್ ತೆರೆದು ಎರಡು ವಿಷಯ ಹೇಳಿ. ತುಂಬಿದ್ದು ಎಲ್ಲಿಗೆ ಹೋಗಬೇಕು ಎನ್ನುವುದು ‘ಆ್ಯಕ್ಷನ್’, ಹೇಗೆ ಹೋಗಬೇಕು ಎನ್ನುವುದು ‘ಮೆಥಡ್’. ಮೆಥಡ್ ಬರೆಯದೇ ಬಿಟ್ಟರೆ ಬ್ರೌಸರ್ ‘ಗೆಟ್’ ಎಂದುಕೊಳ್ಳುತ್ತದೆ, ಆಗ ಹೆಸರು, ಫೋನ್ ನಂಬರ್ ಎಲ್ಲವೂ ಪುಟದ ವಿಳಾಸದ ಕೊನೆಗೆ ಅಂಟಿಕೊಂಡು ಬ್ರೌಸರಿನ ಹಿಸ್ಟರಿಯಲ್ಲೂ ಉಳಿದುಬಿಡುತ್ತವೆ. ಹುಡುಕಾಟದ ಬಾಕ್ಸಿಗೆ ಗೆಟ್ ಸರಿ. ಜನರ ವಿವರ ಕೇಳುವ ಫಾರಂಗೆ ‘ಪೋಸ್ಟ್’ ಮಾತ್ರ.

ಇಲ್ಲೊಂದು ಮಾತು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ಗೆ ಇಮೇಲ್ ಕಳಿಸಲು ಬರುವುದಿಲ್ಲ. ಬಂದದ್ದನ್ನು ತೆಗೆದುಕೊಳ್ಳಲು ಆ ಕಡೆ ಸರ್ವರಿನಲ್ಲಿ, ಅಂದರೆ ತುಂಬಿದ್ದನ್ನು ಪಡೆಯುವ ಕಂಪ್ಯೂಟರಿನಲ್ಲಿ, ಒಂದು ಪ್ರೋಗ್ರಾಂ ಇರಲೇಬೇಕು. ಪುಟವನ್ನು ತೋರಿಸುವುದಷ್ಟೇ ಮಾಡುವ ಗಿಟ್‌ಹಬ್ ಪೇಜಸ್‌ನಂಥ ಕಡೆ ಪುಟ ಇಟ್ಟಿದ್ದರೆ ಅಲ್ಲಿ ಇಂಥ ಪ್ರೋಗ್ರಾಂ ಬರೆಯುವ ಭಾಷೆಯಾದ ಪಿಎಚ್‌ಪಿ ಓಡುವುದಿಲ್ಲ, ಫಾರಂ ಸ್ವೀಕರಿಸುವ ಬೇರೆ ಸೇವೆಯನ್ನು ಆಶ್ರಯಿಸಬೇಕು. ಆ್ಯಕ್ಷನ್‌ನಲ್ಲಿ ‘ಮೇಲ್‌ಟು’ ಎಂದು ಬರೆದು ಮುಗಿಸುವ ಶಾರ್ಟ್‌ಕಟ್ ಬೇಡ. ಅದು ತುಂಬುವವರ ಕಂಪ್ಯೂಟರಿನ ಮೇಲ್ ಆ್ಯಪ್ ತೆರೆಯುತ್ತದೆ ಅಷ್ಟೇ. ಅಲ್ಲಿ ಮೇಲ್ ಖಾತೆ ಸೇರಿಸಿರದಿದ್ದರೆ ಅವರು ಬರೆದದ್ದು ಎಲ್ಲಿಗೂ ಹೋಗುವುದಿಲ್ಲ.

ಹಂತ 3. ಈಗ ಬಾಕ್ಸುಗಳು, ಅಂದರೆ ಇನ್‌ಪುಟ್ ಟ್ಯಾಗ್‌ಗಳು. ಇಲ್ಲಿ ನಿಧಾನವಾಗಿ ಓದಿ. ಪ್ರತಿ ಇನ್‌ಪುಟ್‌ಗೂ ‘ಐಡಿ’ ಮತ್ತು ‘ನೇಮ್’ ಎಂಬ ಎರಡು ಗುರುತು ಕೊಡಬೇಕು. ಎರಡರಲ್ಲೂ ಒಂದೇ ಪದ ಬರೆಯಬಹುದು, ಅದಕ್ಕೇ ಜನ ಒಂದು ಸಾಕು ಎಂದುಕೊಳ್ಳುತ್ತಾರೆ. ಕೆಲಸ ಮಾತ್ರ ಬೇರೆ ಬೇರೆ. ಐಡಿ ಆ ಪುಟದೊಳಗಿನ ಗುರುತು. ನೇಮ್ ಸರ್ವರಿಗೆ ಹೋಗುವ ಗುರುತು. ನೇಮ್ ಇಲ್ಲದ ಬಾಕ್ಸನ್ನು ಕಳಿಸುವಾಗ ಬ್ರೌಸರ್ ಬಿಟ್ಟೇಬಿಡುತ್ತದೆ, ತಪ್ಪಾಗಿದೆ ಎಂದು ಒಂದು ಮಾತೂ ಹೇಳುವುದಿಲ್ಲ. ಖಾಲಿ ಮೆಸೇಜಿನ ದೂರು ಬಂದಾಗ ನಾನು ಮೊದಲು ನೋಡುವುದೇ ಇದನ್ನು.

ಕಾಪಿ ಪೇಸ್ಟ್ ಮಾಡುವವರು ಇನ್ನೂ ಜಾಗ್ರತೆ. ಹೆಸರಿನ ಬಾಕ್ಸನ್ನೇ ನಕಲು ಮಾಡಿ ಕೆಳಗೆ ‘ಊರು’ ಎಂದು ಲೇಬಲ್ ಬದಲಿಸಿ, ನೇಮ್ ಹಾಗೇ ಬಿಟ್ಟರೆ ಎರಡೂ ಒಂದೇ ಗುರುತಿನಲ್ಲಿ ಹೋಗುತ್ತವೆ. ಪಿಎಚ್‌ಪಿಯಲ್ಲಾದರೆ ಕೊನೆಯದು ಮಾತ್ರ ಉಳಿಯುತ್ತದೆ, ಹೆಸರಿನ ಜಾಗದಲ್ಲಿ ‘ಧಾರವಾಡ’ ಎಂದು ಬರುತ್ತದೆ. ಹಲವು ಆಯ್ಕೆಗಳಲ್ಲಿ ಒಂದನ್ನೇ ಆರಿಸುವ ರೇಡಿಯೊ ಬಟನ್‌ಗೆ ಮಾತ್ರ ಉಲ್ಟಾ: ಒಂದು ಗುಂಪಿನ ಎಲ್ಲಕ್ಕೂ ನೇಮ್ ಒಂದೇ ಇರಬೇಕು, ಐಡಿ ಬೇರೆ, ‘ವ್ಯಾಲ್ಯೂ’ ಬೇರೆ. ವ್ಯಾಲ್ಯೂ ಮರೆತರೆ ಅವರು ಬೆಳಗಿನ ಪಾಠ ಆರಿಸಿದರೋ ಸಂಜೆಯದೋ ಗೊತ್ತಾಗದೆ, ಸುಮ್ನೆ ‘ಆನ್’ ಎಂದು ಬರುತ್ತದೆ.

ಐಡಿಯ ಉಪಯೋಗ ಲೇಬಲ್‌ಗೆ. ಲೇಬಲ್ ಟ್ಯಾಗಿನ ‘ಫಾರ್’ನಲ್ಲಿ ಆ ಬಾಕ್ಸಿನ ಐಡಿಯನ್ನೇ ಬರೆಯಿರಿ, ದೊಡ್ಡಕ್ಷರ ಚಿಕ್ಕಕ್ಷರವೂ ಹೊಂದಬೇಕು. ಆಗ ಲೇಬಲ್ ಮುಟ್ಟಿದರೂ ಕರ್ಸರ್ ಬಾಕ್ಸಿಗೆ ಹೋಗುತ್ತದೆ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಲೇಬಲ್ ಬಿಟ್ಟು ಬಾಕ್ಸಿನೊಳಗೆ ಮಸುಕಾಗಿ ಕಾಣುವ ಪ್ಲೇಸ್‌ಹೋಲ್ಡರ್ ಒಂದೇ ಇಡುವುದು ಈಗ ಫ್ಯಾಷನ್. ಟೈಪ್ ಮಾಡಲು ಶುರು ಮಾಡಿದ ಕೂಡಲೇ ಅದು ಮಾಯ. ನಡುವೆ ಫೋನ್ ಬಂದು ಎದ್ದು ಹೋದವರಿಗೆ ವಾಪಸ್ ಬಂದಾಗ ಯಾವ ಬಾಕ್ಸ್ ಯಾವುದಕ್ಕೆ ಎಂದೇ ತಿಳಿಯುವುದಿಲ್ಲ. ಲೇಬಲ್ ಬಾಕ್ಸಿನ ಮೇಲೆ ಇರಲಿ, ಸದಾ ಕಾಣಲಿ.

ಹಂತ 4. ‘ಟೈಪ್’ ಆರಿಸಿ. ಇಮೇಲ್‌ಗೆ ‘ಇಮೇಲ್’, ಫೋನಿಗೆ ‘ಟೆಲ್’. ಮೊಬೈಲಿನಲ್ಲಿ ಅದಕ್ಕೆ ತಕ್ಕ ಕೀಬೋರ್ಡ್ ತಾನೇ ಬರುತ್ತದೆ. ಫೋನಿಗೆ ‘ನಂಬರ್’ ಹಾಕಬೇಡಿ. ಅದು ಲೆಕ್ಕದ ಅಂಕಿಗೆ ಇರುವುದು, ನಡುವೆ ಜಾಗ ಬಿಟ್ಟು ಬರೆಯುವಂತಿಲ್ಲ, ಏರಿಸಿ ಇಳಿಸುವ ಬಾಣ ಬೇರೆ ಬರುತ್ತದೆ. ದೊಡ್ಡ ಮೆಸೇಜಿಗೆ ಇನ್‌ಪುಟ್ ಬದಲು ಹಲವು ಸಾಲು ಹಿಡಿಸುವ ಬೇರೆ ಟ್ಯಾಗ್, ಟೆಕ್ಸ್ಟ್‌ಏರಿಯಾ.

ಹೆಸರಿನ ಬಗ್ಗೆ ನನ್ನದು ಖಡಾಖಂಡಿತ ಸಲಹೆ: ಒಂದೇ ಬಾಕ್ಸ್ ಕೊಡಿ. ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡು ಮಾಡಿ ಎರಡನ್ನೂ ಕಡ್ಡಾಯ ಮಾಡಿದರೆ ಇನಿಷಿಯಲ್ ಮಾತ್ರ ಇರುವ ನಮ್ಮವರು ಏನು ಬರೆಯಬೇಕು? ಎಲ್ಲಿಂದಲೋ ನಕಲು ಮಾಡಿದ, ‘ಎ’ಯಿಂದ ‘ಝಡ್’ವರೆಗೆ ಮಾತ್ರ ಒಪ್ಪುವ ‘ಪ್ಯಾಟರ್ನ್’ ಇದ್ದರೆ ಕಿತ್ತುಹಾಕಿ. ಅದು ಕನ್ನಡದಲ್ಲಿ ಬರೆದ ಹೆಸರನ್ನು ತಪ್ಪು ಎನ್ನುತ್ತದೆ. ‘ಮ್ಯಾಕ್ಸ್‌ಲೆಂತ್’ (ಎಷ್ಟು ಅಕ್ಷರ ಬರೆಯಬಹುದು ಎಂಬ ಮಿತಿ) ಕೂಡ ಧಾರಾಳವಾಗಿರಲಿ. ‘ಲಕ್ಷ್ಮೀನಾರಾಯಣ’ ನಮ್ಮ ಕಣ್ಣಿಗೆ 6 ಅಕ್ಷರ. ಬ್ರೌಸರ್ ಒತ್ತು, ದೀರ್ಘ ಎಲ್ಲವನ್ನೂ ಬೇರೆ ಬೇರೆ ಎಣಿಸುವುದರಿಂದ ಅದರ ಲೆಕ್ಕಕ್ಕೆ 13. ಮಿತಿ 10 ಎಂದು ಇಟ್ಟಿದ್ದರೆ ಪೂರ್ತಿ ಹೆಸರು ಹಿಡಿಸುವುದೇ ಇಲ್ಲ.

ನಿಜವಾಗಿ ಬೇಕಾದ ಬಾಕ್ಸಿಗೆ ಮಾತ್ರ ‘ರಿಕ್ವೈರ್ಡ್’ (ತುಂಬಲೇಬೇಕು ಎಂಬ ಗುರುತು) ಹಾಕಿ. ಹಪ್ಪಳದ ಬೆಲೆ ಕೇಳುವವರ ಹುಟ್ಟಿದ ದಿನ ನಿಮಗೆ ಬೇಡ. ಬ್ರೌಸರ್ ಮಾಡುವ ಈ ತಪಾಸಣೆ ತುಂಬುವವರ ಅನುಕೂಲಕ್ಕೆ ಮಾತ್ರ, ಬೇಕೆಂದವರು ಅದನ್ನು ದಾಟಿಬಿಡುತ್ತಾರೆ. ಸರ್ವರಿನಲ್ಲಿ ಇನ್ನೊಮ್ಮೆ ತಪಾಸಣೆ ಆಗಲೇಬೇಕು.

ಹಂತ 5. ‘ಕಳಿಸಿ’ ಬಟನ್. ಪಕ್ಕದಲ್ಲಿ ‘ರಿಸೆಟ್’ ಇಡಬೇಡಿ, ಕೈತಪ್ಪಿ ಒತ್ತಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಫಾರಂ ಒಳಗೆ ಬೇರೆ ಕೆಲಸದ ಬಟನ್ ಇದ್ದರೆ ಅದರ ಟೈಪ್ ‘ಬಟನ್’ ಎಂದೇ ಬರೆಯಿರಿ, ಇಲ್ಲವಾದರೆ ಅದೂ ಫಾರಂ ಕಳಿಸಿಬಿಡುತ್ತದೆ.

ಹಂತ 6. ಬೇರೆಯವರ ಮೊಬೈಲಿನಿಂದ ತುಂಬಿ ನೋಡಿ. ಐಫೋನಿನಲ್ಲಿ ಬಾಕ್ಸ್ ಮುಟ್ಟಿದ ಕೂಡಲೇ ಪುಟ ತಾನೇ ದೊಡ್ಡದಾದರೆ ಬಾಕ್ಸಿನ ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಇದೆ ಎಂದರ್ಥ, 16 ಮಾಡಿ. ಹೆಸರು ಕನ್ನಡದಲ್ಲಿ ಬರೆಯಿರಿ, ಮೆಸೇಜಿನಲ್ಲಿ ಎರಡು ಸಾಲು ಬಿಡಿ, ಫೋನಿಗೆ ಪ್ಲಸ್ 91 ಸೇರಿಸಿ. ಆಮೇಲೆ ನಿಮಗೆ ಬಂದದ್ದನ್ನು ಬಾಕ್ಸ್ ಬಾಕ್ಸಾಗಿ ತಾಳೆ ನೋಡಿ. ಬರಲೇ ಇಲ್ಲವಾ? ಕೋಡ್ ಮುಟ್ಟುವ ಮೊದಲು ಇಮೇಲಿನ ಸ್ಪ್ಯಾಮ್ ಫೋಲ್ಡರ್ ತೆರೆಯಿರಿ.