ಮಳೆಗಾಲಕ್ಕೆ ದೋಣಿ ಮುಚ್ಚುವ ಕೆಲಸ

ಮಳೆ ಬಿದ್ದು ದೋಣಿ ಹಾಳಾಗುವುದಿಲ್ಲ, ಬಿದ್ದ ನೀರು ಹೊರಗೆ ಹೋಗದೆ ಕೂತರೆ ಹಾಳಾಗುತ್ತದೆ. ನನ್ನದು 20 ಅಡಿ ಉದ್ದ, 5 ಅಡಿ ಅಗಲದ ಫೈಬರ್ ದೋಣಿ. ಮುಂಬದಿ ಚೂಪಾಗುವುದನ್ನು ಕಳೆದರೂ ಬಾಯಿ ಸುಮಾರು 7 ಚದರ ಮೀಟರ್. ನಮ್ಮ ಕರಾವಳಿಯಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ಹೊಸದಲ್ಲ. ಅಷ್ಟು ಸುರಿದರೆ ತೆರೆದ ದೋಣಿಯೊಳಗೆ 700 ಲೀಟರ್, ಅಂದರೆ 700 ಕಿಲೋ ಭಾರ. ದಡದಲ್ಲಿ ಎರಡು ಕಲ್ಲಿನ ಮೇಲೆ ಕೂರಿಸಿದ ದೋಣಿ ಕಲ್ಲು ತಾಗಿದಲ್ಲೇ ಬಿರುಕು ಬಿಡುವುದು ಇದಕ್ಕೇ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ 10 ಎಚ್‌ಪಿವರೆಗಿನ ನಾಡದೋಣಿಗೆ ಅನ್ವಯಿಸುವುದಿಲ್ಲ. ಆದರೂ ಅಳಿವೆಯಲ್ಲಿ ತೆರೆ ಒಡೆಯುವ ಆ ಎರಡು ತಿಂಗಳು ನನ್ನ ದೋಣಿ ಮೇಲೆಯೇ ಇರುತ್ತದೆ. ಮೃಗಶಿರಾ ಮಳೆ ಹಿಡಿಯುವ ಮೊದಲು, ಮೇ ಕೊನೆಯ ವಾರದ ಬಿಸಿಲಿರುವಾಗಲೇ ಎಲ್ಲ ಮುಗಿಸುತ್ತೇನೆ. ಒದ್ದೆ ದೋಣಿಯನ್ನು ಮುಚ್ಚಿದರೆ ಒಳಗೆ ಬೂಸಲು ಬೆಳೆಸಿದಂತೆ.

ಜಾಗ ಹೊಳೆಬದಿಯದ್ದಾದರೆ ಒಳ್ಳೆಯದು. ಸಮುದ್ರದ ಬದಿಯಲ್ಲಿ ಬೇಸಿಗೆಯ ಭರತದ ಗೆರೆ ನೋಡಿ ಜಾಗ ಗೊತ್ತು ಮಾಡಬಾರದು, ಕಡಲ್ಕೊರೆತ ಶುರುವಾದರೆ ಆ ಗೆರೆಯೇ ಉಳಿಯುವುದಿಲ್ಲ. ತೆಂಗಿನ ಮರದ ಬುಡವೂ ಬೇಡ. ಒಂದು ಕಾಯಿ ಬಿದ್ದರೆ ಟಾರ್ಪಾಲು ತೂತು, ಒಳಗಿನ ಹಲಗೆಯೂ ಹೋಗಬಹುದು.

ಅಡಿಗೆ ಮೂರು ತೆಂಗಿನ ದಿಮ್ಮಿ ಅಡ್ಡ ಇಟ್ಟು, ಪ್ರತಿಯೊಂದರ ಮೇಲೆ ಹಳೆ ಟೈರಿನ ತುಂಡು ಹಾಕುತ್ತೇನೆ. ದಿಮ್ಮಿ ಬರಬೇಕಾದದ್ದು ಒಳಗಿನ ಅಡ್ಡಹಲಗೆಗಳ ನೇರಕ್ಕೆ, ಖಾಲಿ ಜಾಗದ ಅಡಿಗಲ್ಲ. ಭಾರವೆಲ್ಲ ಅಡಿಯ ನಡುದಿಂಡಿನ ಮೇಲೆ ಇರಬೇಕು. ಪಕ್ಕದ ಆಧಾರ ವಾಲದಂತೆ ತಡೆಯುವುದಕ್ಕಷ್ಟೆ. ಮುಂಬದಿಯನ್ನು ಅರ್ಧ ಅಡಿ ಎತ್ತರಿಸಿ, ಹಿಂದಿನ ತೂತಿನ ಬಿರಡೆ ತೆಗೆದು, ಅದನ್ನು ಎಂಜಿನ್ ಕೂರುವ ಹಲಗೆಗೆ ದಾರದಲ್ಲಿ ಕಟ್ಟಿಡುತ್ತೇನೆ. ಆಗಸ್ಟಿನಲ್ಲಿ ಬಿರಡೆ ಹಾಕಲು ಮರೆತು ನೀರಿಗಿಳಿಸುವವರು ಪ್ರತಿ ವರ್ಷವೂ ಸಿಗುತ್ತಾರೆ. ತೂತಿಗೆ ಒಳಗಿನಿಂದ ಬಲೆಯ ತುಂಡು ಒತ್ತಿಡಬೇಕು, ಒಂದು ಒಣಗಿದ ಎಲೆ ಸಾಕು ಅದನ್ನು ಮುಚ್ಚಲು.

ಕಪ್ಪೆಚಿಪ್ಪು, ಪಾಚಿ ಕೆರೆದು, ಸಿಹಿನೀರಿನಲ್ಲಿ ತೊಳೆದು ಮೂರು ದಿನ ಬಿಸಿಲಿಗೆ ಬಿಡುತ್ತೇನೆ. ಆಮೇಲೆ ಎಂಜಿನ್ ಕೂರುವ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡುವುದು. ಗಟ್ಟಿ ಸದ್ದು ಬಂದರೆ ಸರಿ. ಮಂಕಾಗಿ ಬಂದರೆ ಫೈಬರಿನೊಳಗಿನ ಪ್ಲೈವುಡ್ ನೀರು ಕುಡಿದಿದೆ, ಬೋಲ್ಟ್ ತೂತಿನ ಸೀಲಂಟ್ ಬಿಟ್ಟಿರುತ್ತದೆ. ಅದನ್ನು ಹಾಗೇ ಮುಚ್ಚಿಟ್ಟರೆ ಎರಡು ತಿಂಗಳಲ್ಲಿ ಕೊಳೆತ ಇನ್ನಷ್ಟು ಒಳಗೆ ಇಳಿಯುತ್ತದೆ.

ಎಂಜಿನ್ ದೋಣಿಯಲ್ಲಿ ಬಿಡುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ಓಡುವ ಎರಡು ಸ್ಟ್ರೋಕಿನದ್ದಾದ್ದರಿಂದ ಸಿಹಿನೀರಿನ ಡ್ರಮ್ಮಿನಲ್ಲಿ 10 ನಿಮಿಷ ಓಡಿಸಿ, ಕೊನೆಯ ಎರಡು ನಿಮಿಷ ಪೆಟ್ರೋಲಿಗೆ ತಿರುಗಿಸಿ, ಪೈಪು ಕಳಚಿ ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ. ಕಾರ್ಬೊರೇಟರಿನ ಬಟ್ಟಲಲ್ಲಿ ಹನಿಯೂ ಉಳಿಯಬಾರದು. ಎಥೆನಾಲ್ ಬೆರೆತ ಪೆಟ್ರೋಲು ಗಾಳಿಯ ತೇವ ಹೀರುತ್ತದೆ, ಇಂಧನ ಹಾಯುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿಕೊಳ್ಳುವುದು ಅಲ್ಲಿಂದಲೇ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎರಡು ಚಮಚ 2ಟಿ ಎಣ್ಣೆ (ಎರಡು ಸ್ಟ್ರೋಕಿನ ಎಂಜಿನ್ನಿಗೆ ಹಾಕುವ ಎಣ್ಣೆ) ಹಾಕಿ, ಹಗ್ಗ ಐದಾರು ಸಲ ನಿಧಾನ ಎಳೆದು ಪ್ಲಗ್ ಮತ್ತೆ ಹಾಕುವುದು. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸೀಲ್ ಹೋಗಿದೆ, ಅದನ್ನು ಈಗಲೇ ಬದಲಿಸಬೇಕು. ಎಂಜಿನ್ ನೆಟ್ಟಗೆ ನಿಲ್ಲಿಸಿಡಬೇಕು. ತಲೆ ಕೆಳಗಾಗುವಂತೆ ಮಲಗಿಸಿದರೆ ಉಳಿದ ನೀರು ಸಿಲಿಂಡರಿಗೆ ಹರಿಯುತ್ತದೆ.

ಇನ್ನು ಮುಚ್ಚಿಗೆ. ಎಲ್ಲರೂ ತಪ್ಪುವುದು ಇಲ್ಲಿ. ಟಾರ್ಪಾಲನ್ನು ದೋಣಿಯ ಅಂಚಿನಿಂದ ಅಂಚಿಗೆ ಬಿಗಿದು ಕಟ್ಟಿದರೆ ಮೊದಲ ಮಳೆಗೇ ನಡುವೆ ಕೆರೆಯಾಗುತ್ತದೆ. ಆ ಭಾರಕ್ಕೆ ಟಾರ್ಪಾಲಿನ ಅಂಚಿನಲ್ಲಿ ಹಗ್ಗ ಪೋಣಿಸುವ ಕಣ್ಣುಗಳು ಹರಿದುಹೋಗುತ್ತವೆ. ಬೇಕಾದದ್ದು ಮನೆಯ ಮಾಡಿನಂಥ ಇಳಿಜಾರು. ನಡುವೆ ಉದ್ದಕ್ಕೆ ಒಂದು ಬಿದಿರು, ಅದನ್ನು ಹೊರಲು ಮೂರು ಕವಲುಗೋಲು, ಅಂಚಿನಿಂದ ಎರಡೂವರೆ ಅಡಿ ಎತ್ತರಕ್ಕೆ. 5 ಅಡಿ ಅಗಲಕ್ಕೆ ಇದು ಸರಿಯಾಗಿ 45 ಡಿಗ್ರಿ. ಎರಡು ಎರಡು ಅಡಿಗೆ ಅಡಕೆ ದಬ್ಬೆ ಇಳಿಸಿ ಕಟ್ಟಿದರೆ ಟಾರ್ಪಾಲು ತಗ್ಗುವುದಿಲ್ಲ. ಬಿದಿರಿನ ತುದಿ, ದೋಣಿಯ ಮೂಲೆ, ಕಟ್ಟಿನ ತಂತಿ ಇವೆಲ್ಲಕ್ಕೂ ಗೋಣಿ ಸುತ್ತಬೇಕು. ಟಾರ್ಪಾಲು ಹರಿಯುವುದು ಮಳೆಗಲ್ಲ, ಗಾಳಿಗೆ ಒಂದೇ ಜಾಗ ಉಜ್ಜಿ.

12ಕ್ಕೆ 24 ಅಡಿಯ, 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ) ಟಾರ್ಪಾಲು ಸಾಕು. ಎರಡೂ ಇಳಿಜಾರಿಗೆ 7 ಅಡಿ ಹೋಗಿ, ಪ್ರತಿ ಬದಿ ಎರಡೂವರೆ ಅಡಿ ಕೆಳಗೆ ಜೋತುಬೀಳುತ್ತದೆ. ತೆಳ್ಳಗಿನ ನೀಲಿಯದು ಅಗ್ಗ, ಆದರೆ ಒಂದೇ ಹಂಗಾಮಿಗೆ ಪುಡಿಯಾಗುತ್ತದೆ. ಮೇಲೆ ಹೊದಿಸಲು ಹಳೆ ಬಲೆ, ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಗಾಳಿಯ ಎಳೆತ ಕಣ್ಣುಗಳ ಮೇಲೆ ಬೀಳದೆ ಬಲೆಯಷ್ಟಗಲಕ್ಕೆ ಹಂಚಿಹೋಗುತ್ತದೆ. ಬಲೆಯ ಅಂಚಿಗೆ 5 ಲೀಟರಿನ ಕ್ಯಾನುಗಳಲ್ಲಿ ನೀರು ತುಂಬಿ, ಬದಿಗೆ ಆರರಂತೆ ತೂಗುಬಿಡುತ್ತೇನೆ. ಗಾಳಿ ಎತ್ತಿದರೆ ಕ್ಯಾನು ತೂಗುತ್ತದೆ, ಹಗ್ಗ ಹರಿಯುವುದಿಲ್ಲ. ನೆಲದ ಗೂಟಕ್ಕೆ ಕಟ್ಟಲೇಬೇಕಾದರೆ ನಡುವೆ ಸೈಕಲ್ ಟ್ಯೂಬಿನ ತುಂಡು ಸೇರಿಸಬೇಕು.

ಎರಡೂ ತುದಿಗಳ ತ್ರಿಕೋನ ಬಾಯಿಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಬಾರದು. ಬಲೆ ಮಾತ್ರ ಇರಲಿ. ಗಾಳಿ ಆಡದಿದ್ದರೆ ಒಳಗಿನ ಬೆವರಿಗೆ ಬೋಲ್ಟು ತುಕ್ಕು ಹಿಡಿಯುತ್ತದೆ, ಹಗ್ಗ ನಾರುತ್ತದೆ. ಬಲೆ, ತಿಂಡಿ ಚೀಲ ಏನನ್ನೂ ಒಳಗೆ ಬಿಡಬಾರದು, ಇಲಿ ಗೂಡು ಕಟ್ಟುತ್ತದೆ. ಮರದ ಹಲಗೆಯ ದೋಣಿಯ ಲೆಕ್ಕ ಬೇರೆ, ಅದು ಪೂರ್ತಿ ಒಣಗಿದರೆ ಸಂದು ಬಿಡುತ್ತದೆ.

ಮೊದಲ ದೊಡ್ಡ ಮಳೆಯ ಮರುದಿನ ಹೋಗಿ ಹಗ್ಗ ಮತ್ತೆ ಬಿಗಿಯುವುದು ಬಿಟ್ಟರೆ ಕಟ್ಟಿದ್ದೆಲ್ಲ ದಂಡ. ನೈಲಾನ್ ಹಗ್ಗ ಒದ್ದೆಯಾದಾಗ ಸಡಿಲವಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ಸಾಕು: ಒಳಗೆ ಕೈಯಾಡಿಸಿ ತೇವ ನೋಡುವುದು, ಹಿಂದಿನ ತೂತಿಗೆ ಕಡ್ಡಿ ಹಾಕಿ ಬಿಡಿಸುವುದು, ದಿಮ್ಮಿಯ ಅಡಿ ಮಣ್ಣು ಕೊಚ್ಚಿದ್ದರೆ ಕಲ್ಲು ತುಂಬುವುದು. ಆರ್ದ್ರಾ ಮಳೆಯಲ್ಲಿ ವಾರಕ್ಕೆರಡು ಸಲ.