ಸುಂಕದ: ನಮ್ಮ ಅಡ್ಡಹೆಸರಿನ ಜಾಡು ಹಿಡಿದು ಹೋದದ್ದು

ನನ್ನ ಅಡ್ಡಹೆಸರು ಸುಂಕದ. ಧಾರವಾಡ, ಗದಗ ಕಡೆ ಈ ಹೆಸರು ಹೇಳಿದರೆ ಯಾರಿಗೂ ಹೊಸದೇನಲ್ಲ. ಆದರೆ ಹುಡುಕಲು ಹೊರಟರೆ ಪಾಟೀಲರು, ಹಿರೇಮಠರು, ಅಂಗಡಿಯವರು ಸಿಕ್ಕಷ್ಟು ಸಲೀಸಾಗಿ ಸುಂಕದವರು ಸಿಗುವುದಿಲ್ಲ. ಒಂದು ಊರಲ್ಲಿ ಒಂದೆರಡು ಮನೆ, ಆಮೇಲೆ ಎಷ್ಟೋ ಊರು ದಾಟಿದ ಮೇಲೆ ಇನ್ನೊಂದು ಮನೆ. ಹೀಗೆ ಚದುರಿದ ಮನೆಗಳೆಲ್ಲ ಒಂದೇ ಮೂಲದವಾ, ಬೇರೆ ಬೇರೆಯಾ? ಇದು ನನ್ನ ತಲೆ ಕೊರೆಯುತ್ತಿದ್ದ ಪ್ರಶ್ನೆ. ಅದರ ಬೆನ್ನು ಹತ್ತಿದಾಗ ಏನೇನು ಸಿಕ್ಕಿತು, ಎಲ್ಲಿ ಸಿಕ್ಕಿತು ಅಂತ ಬರೆಯುತ್ತಿದ್ದೇನೆ. ನಿಮ್ಮದೂ ಅಪರೂಪದ ಅಡ್ಡಹೆಸರಾಗಿದ್ದರೆ ಉಪಯೋಗಕ್ಕೆ ಬಂದೀತು.

ಅರ್ಥದ ಬಗ್ಗೆ ಗೊಂದಲವೇನೂ ಇಲ್ಲ. ಸುಂಕ ವಸೂಲಿ ಮಾಡುತ್ತಿದ್ದವರು ಸುಂಕದವರು. ಬೆಲ್ಲದ, ತುಪ್ಪದ, ಹೂಗಾರ, ಗಾಣಿಗೇರ ಇವೆಲ್ಲ ಇರುವ ಸಾಲಿನಲ್ಲೇ ಇದೂ ಒಂದು ಕಸುಬಿನ ಹೆಸರು. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಆದರೆ ಅರ್ಥ ಗೊತ್ತಾದ ಮಾತ್ರಕ್ಕೆ ಮನೆತನ ಗೊತ್ತಾಗುವುದಿಲ್ಲ. ಸಂತೆ ಸೇರುವ, ಹೇರಿನ ಎತ್ತು ಹಾಯುವ ದಾರಿಗಳಲ್ಲಿ ಅಲ್ಲಲ್ಲಿ ಸುಂಕದ ಕಟ್ಟೆಗಳಿದ್ದವು. ಕಟ್ಟೆ ಇದ್ದಲ್ಲಿ ವಸೂಲಿಯವನೂ ಇದ್ದ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಮನೆಗಳಿಗೆ ಇದೇ ಹೆಸರು ಅಂಟಿಕೊಳ್ಳಲು ಅಷ್ಟು ಸಾಕು, ಅಲ್ವಾ?

ಹೆಸರಿನ ಹಿಂದಿರುವ ಕಸುಬು ಮಾತ್ರ ತುಂಬಾ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನ ಓದುತ್ತಾ ಹೋದರೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ಸುಂಕದ ಬಗೆಗಳು ಮತ್ತೆ ಮತ್ತೆ ಬರುತ್ತವೆ. ಸುಂಕದ ಅಧಿಕಾರಿಗಳು ದೇವರ ನಂದಾದೀಪಕ್ಕೆ, ಪೂಜೆಗೆ ಅಂತ ಹೇರಿಗೆ ಇಷ್ಟು ಎಂದು ಸುಂಕದ ಪಾಲು ಬಿಟ್ಟುಕೊಟ್ಟ ದಾನಗಳೂ ಇವೆ. ನಮ್ಮ ಭಾಗದ ಶಾಸನಗಳು ಬೇಕಾದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೇ ಸಂಪುಟ ನೋಡಬೇಕು. ಅವು ಬಾಂಬೆ ಕರ್ನಾಟಕದ ಶಾಸನಗಳ ಸಂಪುಟಗಳು. ಹನ್ನೆರಡನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಅಂತ ಒಬ್ಬರಿದ್ದರು, ಬಂಕೇಶ್ವರಲಿಂಗ ಅಂಕಿತದಲ್ಲಿ ವಚನ ಬರೆದವರು. ನಮ್ಮ ಹಿರಿಯರಲ್ಲಿ ಕೆಲವರು ನಾವು ಬಂಕಣ್ಣನವರ ವಂಶ ಅಂತಲೇ ಹೇಳುತ್ತಾರೆ. ಕೇಳಲು ಹೆಮ್ಮೆ ಅನಿಸುತ್ತದೆ, ಆದರೆ ನಾನು ಅದನ್ನು ವಂಶಾವಳಿಯಲ್ಲಿ ಬರೆಯಲಿಲ್ಲ. ಬಂಕಣ್ಣನವರಿಗೂ ನಮ್ಮ ಮನೆಯ ಮೊದಲ ಕಾಗದಕ್ಕೂ ನಡುವೆ ಏಳು ಶತಮಾನ ಖಾಲಿ ಇವೆ, ಅದನ್ನು ತುಂಬಲು ಒಂದು ಚೂರು ದಾಖಲೆಯೂ ಇಲ್ಲ.

ಹಾಗಾಗಿ ಹಿಂದಿನಿಂದ ಮುಂದಕ್ಕೆ ಬರುವುದನ್ನು ಬಿಟ್ಟು, ಇವತ್ತಿನಿಂದ ಹಿಂದಕ್ಕೆ ಹೋದೆ. ಮೊದಲು ಹೊಲದ ಉತಾರ, ಅಂದರೆ ಪಹಣಿ. ಈಗಿನ ಕಂಪ್ಯೂಟರ್ ಉತಾರದಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ಕೈಬರಹದ ಹಳೆಯ ಉತಾರ, ಅದರಲ್ಲಿ ನಮೂದಾದ ಡೈರಿ (ಹೊಲದ ಹಕ್ಕು ಬದಲಾದದ್ದನ್ನು ಬರೆಯುವ ದಾಖಲೆ) ನಂಬರ್, ಆ ಡೈರಿಯ ನಕಲು, ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು. ನಮ್ಮದು ಬಾಂಬೆ ಇಲಾಖೆಯಲ್ಲಿದ್ದ ಸೀಮೆ. ಅಲ್ಲಿ ಹಕ್ಕು ದಾಖಲೆಯ ಕಾನೂನು ಬಂದದ್ದು 1903ರಲ್ಲಿ. ಯಾರು ಸತ್ತರು, ವಾರಸು ಯಾರಿಗೆ ಹೋಯಿತು, ಅಣ್ಣತಮ್ಮಂದಿರು ಯಾವಾಗ ಪಾಲಾದರು ಅನ್ನುವುದೆಲ್ಲ ಈ ಡೈರಿಗಳಲ್ಲಿ ಇರುತ್ತದೆ. ವಂಶಾವಳಿ ಮಾಡುವವರಿಗೆ ಇದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ.

ಇಲ್ಲೇ ಒಂದು ದೊಡ್ಡ ವಿಷಯ ಬಯಲಾಯಿತು. ನಮ್ಮ ಮುತ್ತಜ್ಜನ ಹೆಸರಿನ ಮುಂದೆ ಸುಂಕದ ಅಂತಿದೆ, ಅವರ ಒಡಹುಟ್ಟಿದ ತಮ್ಮನ ಹೆಸರಿನ ಮುಂದೆ ಅಂಗಡಿ ಅಂತಿದೆ! ಪಾಲಾದ ಮೇಲೆ ತಮ್ಮ ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು, ಅವರ ಮಕ್ಕಳನ್ನು ಶಾಲೆಗೆ ಹಾಕುವಾಗ ಮಾಸ್ತರರು ಅಂಗಡಿ ಅಂತಲೇ ಬರೆದುಕೊಂಡರು. ಅಂದರೆ ನಮ್ಮ ರಕ್ತಸಂಬಂಧಿಗಳಲ್ಲಿ ಅರ್ಧದಷ್ಟು ಜನ ಈಗ ಅಂಗಡಿಯವರು. ಸುಂಕದ ಅಂತ ಮಾತ್ರ ಹುಡುಕಿದರೆ ಅವರು ಸಿಗುವುದೇ ಇಲ್ಲ. ನಮ್ಮ ಕಡೆ ಅಡ್ಡಹೆಸರುಗಳು ಹೀಗೇ ಗಟ್ಟಿಯಾದವು. ಊರವರು ಕರೆಯುತ್ತಿದ್ದ ಹೆಸರನ್ನು ಶಾನಭೋಗರೋ ಮಾಸ್ತರರೋ ಒಮ್ಮೆ ಬರೆದರು, ಅಲ್ಲಿಗೆ ಅದು ಖಾಯಂ ಆಯಿತು. ಹಳೆಯ ಮೈಸೂರಿನ ಕಡೆ ಊರಿನ, ಅಪ್ಪನ ಇನಿಷಿಯಲ್ ಹಾಕುವ ರೂಢಿ ಇರುವುದರಿಂದ ಅಲ್ಲಿಯ ಗೆಳೆಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಮನೆಯ ತೊಲೆಯ ಮೇಲಿನ ಗಂಟಿನಲ್ಲಿ ಒಂದು ಕಾಗದ ಇತ್ತು. ಮೋಡಿ ಲಿಪಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ. ಅಂಚು ಹುಳ ತಿಂದು, ಮಡಿಕೆಯಲ್ಲಿ ಹರಿದು, ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಮೋಡಿ ಓದುವ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು, ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಸಂತೆಯ ವಸೂಲಿಯ ಗುತ್ತಿಗೆಯ ಕಾಗದ ಅದು. ಅದರಲ್ಲಿ ನಮ್ಮವರಿಗೆ ಸುಂಕದ ಅಂತ ಇಲ್ಲ, ಜಕಾತದಾರ ಅಂತಿದೆ. ಮರಾಠಿಯಲ್ಲಿ ಸುಂಕಕ್ಕೆ ಜಕಾತ ಅನ್ನುತ್ತಾರೆ. ಪೇಶ್ವೆ ಕಾಲದ ಕೊನೆಗೆ ಇಂಥ ವಸೂಲಿಯನ್ನು ಗುತ್ತಿಗೆ ಕೊಡುವುದು ಮಾಮೂಲಾಗಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಹೋಯಿತು. 1838ರಲ್ಲಿ ಬಾಂಬೆ ಇಲಾಖೆಯ ಒಳನಾಡಿನ ಸಾಗಣೆ ಸುಂಕವನ್ನೂ ಕಂಪನಿ ಸರ್ಕಾರ ತೆಗೆದುಹಾಕಿತು. ಕಸುಬು ಅಲ್ಲಿಗೆ ನಿಂತಿತು. ಉತಾರ, ಶಾಲೆ ದಾಖಲೆ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಸುಂಕ ಎತ್ತಿದವರು ಒಬ್ಬರೂ ಬದುಕಿರಲಿಲ್ಲ, ಹೆಸರು ಮಾತ್ರ ಉಳಿದಿತ್ತು.

ಕಾಗದಕ್ಕಿಂತ ಹೆಚ್ಚು ಸಹಾಯ ಮಾಡಿದವರು ಹೆಳವರು. ಉತ್ತರ ಕರ್ನಾಟಕದವರಿಗೆ ಇವರ ಬಗ್ಗೆ ಹೇಳಬೇಕಾಗಿಲ್ಲ. ಮನೆತನಗಳ ವಂಶಾವಳಿ ಹೇಳುವುದೇ ಇವರ ಪರಂಪರೆಯ ಕಸುಬು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು, ವಂಶ ಹೇಳಿ ಕಾಳು, ಬಟ್ಟೆ ಪಡೆದು ಹೋಗುತ್ತಿದ್ದರು. ಒಂದೊಂದು ಮನೆತನಕ್ಕೆ ಗೊತ್ತಾದ ಹೆಳವರ ಮನೆ ಇರುತ್ತದೆ. ನಮ್ಮ ಹೆಳವರು ಸುಗ್ಗಿ ಮುಗಿದ ಮೇಲೆ ಬಂದರು. ಕಟ್ಟೆಯ ಮೇಲೆ ಕೂತು, ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಪುಸ್ತಕ ಬಿಚ್ಚಿ, ಮೊದಲು ಮನೆದೇವರನ್ನು ನೆನೆದು, ಆಮೇಲೆ ಬೆಡಗು (ಕುಲದೊಳಗಿನ ಬಳಿ) ಹೇಳಿ, ಮೂಲ ಊರು ಹೇಳಿ, ಅಲ್ಲಿಂದ ಯಾರು ಯಾಕೆ ಎದ್ದು ಯಾವ ಊರಿಗೆ ಬಂದರು ಅಂತ ಒಂದೇ ಉಸಿರಿನಲ್ಲಿ ರಾಗವಾಗಿ ಓದುತ್ತಾ ಹೋದರೆ ಓಣಿಯ ಮಂದಿಯೆಲ್ಲ ಬಂದು ನಿಂತರು. ಡೈರಿಯಲ್ಲಿ ಸಿಕ್ಕ ಹೆಸರುಗಳು ಅವರ ಪುಸ್ತಕದಲ್ಲೂ ಅದೇ ಕ್ರಮದಲ್ಲಿ ಬಂದಾಗ ನನಗೆ ಮೈ ಜುಮ್ಮೆಂದಿತು. ಅಂಗಡಿಯಾದ ತಮ್ಮನ ಕವಲೂ ಅಲ್ಲಿತ್ತು.

ಅವರಿಂದ ಕಲಿತದ್ದು ಒಂದು ಕ್ರಮ. ಅದೇ ಹೆಸರಿನವರು ಸಿಕ್ಕಾಗ ನಾನು ಈಗ ಮೊದಲು ಕೇಳುವುದು ಮೂರೇ ಮಾತು. ನಿಮ್ಮ ಮನೆದೇವರು ಯಾರು? ಬೆಡಗು ಯಾವುದು? ಮೂಲ ಊರು ಯಾವುದು? ಅಡ್ಡಹೆಸರು ಒಂದು ತಲೆಮಾರಿನಲ್ಲಿ ಬದಲಾಗಬಹುದು, ಮನೆದೇವರನ್ನು ಜನ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಮ್ಮದು ಗೊಡಚಿ ವೀರಭದ್ರ. ನಮ್ಮ ಅಂಗಡಿ ಕವಲಿನವರದೂ ಗೊಡಚಿಯೇ. ಆದರೆ ಬೆಳಗಾವಿ ಕಡೆಯ ಇನ್ನೊಂದು ಸುಂಕದ ಮನೆತನಕ್ಕೆ ಸವದತ್ತಿ ಯಲ್ಲಮ್ಮ, ಜಾತಿಯೂ ಬೇರೆ, ಅವರ ಹೆಳವರೂ ಬೇರೆ. ಅವರ ಊರಲ್ಲೂ ಹಳೆಯ ದೊಡ್ಡ ಸಂತೆ ಇದೆ. ಹೆಸರು ಒಂದೇ, ಬೇರು ಬೇರೆ. ನನ್ನ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಎಷ್ಟು ಮನೆಗಳಿವೆ ಅಂತ ನೋಡಲು ಮತದಾರರ ಪಟ್ಟಿ ಹಿಡಿದೆ. ಅಲ್ಲಿ ಕಣ್ಣಾಡಿಸಿಯೇ ಹುಡುಕಬೇಕು, ಬೇರೆ ದಾರಿ ಕಾಣಲಿಲ್ಲ. ಸುಂಕದ, ಸುಂಕದವರ ಎರಡನ್ನೂ ನೋಡಿ. ಇಂಗ್ಲಿಷಿನಲ್ಲಾದರೆ ಕೊನೆಗೆ ಎ ಅಕ್ಷರ ಸೇರಿಸಿದವರೂ ಇದ್ದಾರೆ, ಬಿಟ್ಟವರೂ ಇದ್ದಾರೆ. ತೆಲುಗಿನವರ ಸುಂಕರ ಅನ್ನುವ ಮನೆತನದ ಹೆಸರನ್ನು ಇದರ ಜೊತೆ ಸುಮ್ನೆ ಸೇರಿಸಬೇಡಿ, ಅದರ ಹುಡುಕಾಟವೇ ಬೇರೆ. 1956ರಲ್ಲಿ ರಾಜ್ಯ ಒಂದಾದಾಗ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಕನ್ನಡ ಊರುಗಳು ಆಚೆಗೇ ಉಳಿದವು. ಆದ್ದರಿಂದ ಅಲ್ಲಿಯ ಪಟ್ಟಿಗಳನ್ನೂ ನೋಡಬೇಕು.

ಇನ್ನೂ ಬಾಕಿ ಇರುವ ಕೆಲಸ ಹೆಣ್ಣುಮಕ್ಕಳದ್ದು. ಹೆಳವರು ನಮಗೆ ಓದಿದ್ದರಲ್ಲಿ ಗಂಡಸರ ಹೆಸರೇ ಜಾಸ್ತಿ, ಡೈರಿಯಲ್ಲೂ ಹಾಗೆಯೇ. ಕೊಟ್ಟ ಹೆಣ್ಣುಮಕ್ಕಳು, ತಂದ ಸೊಸೆಯರು ಅರ್ಧಕ್ಕರ್ಧ ಕಾಣಿಸುವುದೇ ಇಲ್ಲ, ಇದು ನನಗೆ ಬಹಳ ಬೇಸರದ ಸಂಗತಿ. ಅವರನ್ನು ಹುಡುಕಲು ಈಗ ಹಳೆಯ ಮದುವೆಗಳ ಮುಯ್ಯಿ ಪಟ್ಟಿ ಹಿಡಿದಿದ್ದೇನೆ. ಯಾವ ಊರಿನ ಯಾವ ಮನೆಯವರು ಎಷ್ಟು ಮುಯ್ಯಿ ಮಾಡಿದರು, ಯಾರು ಸೀರೆ ತಂದರು, ಯಾರು ಕುಬಸದ ಕಣ ತಂದರು ಅಂತ ಅಜ್ಜಿಯ ಕಾಲದ ನೋಟ್‌ಬುಕ್‌ಗಳಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಬೀಗರು ಯಾರು, ಯಾವ ಊರಿನವರು ಅನ್ನುವುದು ಅಲ್ಲಿಂದ ಹೊರಬರುತ್ತದೆ. ಆ ಊರಿಗೆ ಹೋಗಿ ಕೇಳಿದರೆ ನಮ್ಮ ಮನೆಯಿಂದ ಹೋದ ಹೆಣ್ಣುಮಗಳ ಹೆಸರು ಸಿಗುತ್ತದೆ. ಹೀಗೆ ಸಿಕ್ಕ ಹೆಸರುಗಳನ್ನೆಲ್ಲ ವಂಶಾವಳಿಯಲ್ಲಿ ಅಣ್ಣತಮ್ಮಂದಿರ ಸಾಲಿನಲ್ಲೇ ಬರೆಯುತ್ತಿದ್ದೇನೆ, ಮುಂದಿನ ಸಲ ಹೆಳವರು ಬಂದಾಗ ಅವರ ಪುಸ್ತಕಕ್ಕೂ ಬರೆಸಬೇಕು ಅಂತಿದೆ.