ಮೇಲೇರಿ ಬಂದ ನೀರಿಗೆ ಎರಡನೇ ಕೆಲಸ: ತಾರಸಿಯ ಪಾಲಿಹೌಸ್ ಕಟ್ಟುವ ಬಗೆ

ಟಿ.ಕೆ.ಹಳ್ಳಿ ಪಂಪ್‌ಹೌಸಿನಲ್ಲಿ ನಾನು 26 ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ಮಳವಳ್ಳಿ ತಾಲ್ಲೂಕಿನ ಆ ಜಾಗದಿಂದ ಹೊರಟ ಕಾವೇರಿ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ಪಂಪಿನ ಬಲ ಪಡೆದು, ಸುಮಾರು 500 ಮೀಟರ್ ಎತ್ತರ ಏರಿ ಬೆಂಗಳೂರಿನ ನಲ್ಲಿಗೆ ಬರುತ್ತದೆ. ರಾತ್ರಿ ಪಾಳಿಯಲ್ಲಿ ಆ ಮೋಟಾರುಗಳ ಸದ್ದು ಎದೆಯೊಳಗೇ ಕೇಳುತ್ತಿತ್ತು. ನಿವೃತ್ತನಾಗಿ ಕೆಂಗೇರಿ ಉಪನಗರದ 30×40 ಸೈಟಿನ ಮನೆಗೆ ಬಂದ ಮೇಲೆ, ಅದೇ ನೀರು ಹತ್ತು ನಿಮಿಷದ ಸ್ನಾನ ಮುಗಿಸಿ ಮೋರಿಗೆ ಇಳಿಯುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತಲ್ಲ, ಆಗ ನಮ್ಮ ತಾರಸಿಯ ನಲವತ್ತು ಗಿಡಗಳೂ ಹಸಿರಾಗಿಯೇ ಇದ್ದವು. ಸ್ನಾನದ ನೀರನ್ನು ಶೋಧಿಸಿ ತಾರಸಿಯ ಪಾಲಿಹೌಸಿನಲ್ಲಿ, ಅಂದರೆ ಪ್ಲಾಸ್ಟಿಕ್ ಚಾವಣಿಯ ಗಿಡಮನೆಯಲ್ಲಿ, ಗಿಡ ಬೆಳೆಸಿದ್ದು ಹೇಗೆ ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀರನ್ನು ಬೇರ್ಪಡಿಸಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನೇರವಾಗಿ ಗಿಡದ ಬುಡಕ್ಕೆ ಹೋಗಬಹುದು. ಸ್ನಾನದ ನೀರು ಮತ್ತು ಬಟ್ಟೆಯನ್ನು ಎರಡನೇ ಸಲ ಜಾಲಿಸಿದ ನೀರು ಶೋಧಕಕ್ಕೆ ಹೋಗಲಿ. ಮುಸುರೆ ಪಾತ್ರೆಯ ಜಿಡ್ಡಿನ ನೀರು, ಬಟ್ಟೆಯ ಮೊದಲ ಸೋಪಿನ ನೀರು, ಇವೆರಡೂ ಬೇಡ. ಶೌಚದ ನೀರಿನ ಹತ್ತಿರವೂ ಹೋಗಬೇಡಿ. ಅದನ್ನು ಶುದ್ಧ ಮಾಡುವುದು ದೊಡ್ಡ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಮಾಡುವ ಕೆಲಸ, ಮನೆಯಲ್ಲಿ ಆಗುವುದಲ್ಲ. ಬಚ್ಚಲಿನ ಪೈಪ್ ಕವಲೊಡೆಯುವ ಕಡೆ ಎರಡು ಬಾಲ್ ವಾಲ್ವ್ ಹಾಕಿಸಿ, ಒಂದು ಶೋಧಕಕ್ಕೆ, ಇನ್ನೊಂದು ಚರಂಡಿಗೆ. ಬಚ್ಚಲನ್ನು ಆಸಿಡ್, ಬ್ಲೀಚಿಂಗ್, ಫಿನೈಲ್ ಹಾಕಿ ತೊಳೆಯುವ ದಿನ ಶೋಧಕದ ವಾಲ್ವ್ ಮುಚ್ಚಿ ಚರಂಡಿಯ ವಾಲ್ವ್ ತೆರೆದಿರಬೇಕು. ಒಂದು ಸಲ ಮರೆತರೂ ಶೋಧಕದೊಳಗೆ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ. ನಮ್ಮನೆಯಲ್ಲಿ ಆ ವಾಲ್ವಿನ ಜವಾಬ್ದಾರಿ ನನ್ನ ಹೆಂಡತಿಯದು, ಅವಳು ಇವತ್ತಿನವರೆಗೂ ಮರೆತಿಲ್ಲ.

ಶೋಧಕದ ವಿಷಯದಲ್ಲಿ ನಾನು ಮೊದಲು ತಪ್ಪು ಮಾಡಿದೆ. ಒಂದು 200 ಲೀಟರಿನ ನೀಲಿ ಡ್ರಮ್ಮಿಗೆ ಜಲ್ಲಿ, ಮರಳು ತುಂಬಿ ತಾರಸಿಯಲ್ಲಿಟ್ಟೆ. ಒಂದೇ ವಾರಕ್ಕೆ ಕೊಳೆತ ಮೊಟ್ಟೆಯ ವಾಸನೆ. ಕಾರಣ ಲೆಕ್ಕದಲ್ಲಿದೆ. ಜಲ್ಲಿ ತುಂಬಿದ ತೊಟ್ಟಿಯಲ್ಲಿ ನೀರು ನಿಲ್ಲುವ ಸಂದು ಶೇಕಡಾ 40ರ ಆಸುಪಾಸು ಮಾತ್ರ. ಅಂದರೆ ಆ ಡ್ರಮ್ಮಿನಲ್ಲಿ ನಿಂತದ್ದು 80 ಲೀಟರಿಗಿಂತ ಹೆಚ್ಚಲ್ಲ. ನಾಲ್ಕು ಜನ ಬಕೆಟ್ ಸ್ನಾನ ಮಾಡುವ ನಮ್ಮ ಮನೆಯಿಂದ ದಿನಕ್ಕೆ ಬರುವುದು 150 ಲೀಟರ್. ನೀರು ಒಳಗೆ ಎರಡು ದಿನವಾದರೂ ತಂಗಬೇಕು, ಬೇರುಗಳ ನಡುವೆ ನಿಧಾನವಾಗಿ ಸಾಗಬೇಕು. ನನ್ನ ಡ್ರಮ್ಮಿನಲ್ಲಿ ಅದಕ್ಕೆ ಸಮಯವೂ ಇರಲಿಲ್ಲ, ಬೇರೂ ಇರಲಿಲ್ಲ.

ಆಮೇಲೆ ಮನೆಯ ಪಕ್ಕದ ಸಂದಿಯಲ್ಲಿ ಇಟ್ಟಿಗೆಯ ತೊಟ್ಟಿ ಕಟ್ಟಿಸಿದೆ. ಉದ್ದ ಆರಡಿ, ಅಗಲ ಎರಡೂವರೆ, ಆಳ ಎರಡು. ಲೆಕ್ಕಕ್ಕೆ 850 ಲೀಟರ್; ಜಲ್ಲಿ ತುಂಬಿದ ಮೇಲೆ 340 ಲೀಟರ್ ನಿಲ್ಲುತ್ತದೆ, ಎರಡು ದಿನದ ನೀರಿಗೆ ಸಾಕು. ನಿಮ್ಮ ಮನೆಯ ಅಳತೆಯನ್ನು ಹೀಗೇ ಹಾಕಿಕೊಳ್ಳಿ. ಒಳಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ನೆಲಕ್ಕೆ ನೀರು ಹೊರಹೋಗುವ ಕಡೆ ಸ್ವಲ್ಪ ಇಳಿಜಾರು ಕೊಡಿಸಿ. ನೀರು ಬರುವ ತುದಿಯಲ್ಲೂ ಹೋಗುವ ತುದಿಯಲ್ಲೂ 40 ಎಂಎಂ ಜಲ್ಲಿ, ನಡುವೆ ಪೂರ್ತಿ 20 ಎಂಎಂ, ಮೇಲೆ ನಾಲ್ಕು ಇಂಚು ಬೇಬಿ ಜಲ್ಲಿ. ಎಲ್ಲವನ್ನೂ ತೊಳೆದೇ ಹಾಕಬೇಕು, ಕ್ರಷರ್ ಧೂಳು ಉಳಿದರೆ ಸಂದು ಮುಚ್ಚಿಹೋಗುತ್ತದೆ. ಹೊರಹೋಗುವ ಪೈಪಿನ ಬಾಯಿಯನ್ನು ಜಲ್ಲಿಯ ಮಟ್ಟಕ್ಕಿಂತ ಎರಡು ಇಂಚು ಕೆಳಗಿಡಿ. ಆಗ ನೀರು ಎಂದೂ ಮೇಲೆ ಕಾಣುವುದಿಲ್ಲ, ಸೊಳ್ಳೆಗೆ ಮೊಟ್ಟೆಯಿಡಲು ಜಾಗ ಸಿಗುವುದಿಲ್ಲ, ವಾಸನೆಯೂ ಬರುವುದಿಲ್ಲ. ತೊಟ್ಟಿಗೆ ಮುಂಚೆ ಒಂದು ಬಕೆಟ್ ಇಟ್ಟು, ಅದರ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಕೂದಲೆಲ್ಲ ಅಲ್ಲೇ ನಿಲ್ಲುತ್ತದೆ, ವಾರಕ್ಕೊಮ್ಮೆ ತೆಗೆಯಬೇಕು.

ಜಲ್ಲಿಯಲ್ಲಿ ಕಾಬಾಳೆ ನೆಡಿ. ನರ್ಸರಿಯಲ್ಲಿ ಕ್ಯಾನಾ ಎಂದು ಕೇಳಿದರೆ ಕೊಡುತ್ತಾರೆ. ತುದಿಯಲ್ಲಿ ನಾಲ್ಕು ಬುಡ ಲಾವಂಚವನ್ನೂ ಇಟ್ಟಿದ್ದೇನೆ. ಬೇರು ಹಿಡಿಯಲು ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಹೊರಬಂದ ನೀರನ್ನು ಚರಂಡಿಗೇ ಬಿಡಿ. ಆಮೇಲೆ 150 ಲೀಟರ್ ಒಳಹೋದರೆ ಸುಮಾರು 120 ಹೊರಬರುತ್ತದೆ, ಉಳಿದದ್ದನ್ನು ಕಾಬಾಳೆ ಕುಡಿಯುತ್ತದೆ. ಹೊರಬಂದ ನೀರು ಒಂದು ಸಣ್ಣ ಸಂಪಿಗೆ, ಅಲ್ಲಿಂದ ಅರ್ಧ ಎಚ್‌ಪಿ ಮೋಟಾರಿನಲ್ಲಿ ತಾರಸಿಗೆ. ಫ್ಲೋಟ್ ಸ್ವಿಚ್ ಹಾಕಿದ್ದೇನೆ, ಸಂಪು ತುಂಬಿದಾಗ ತಾನೇ ಓಡುತ್ತದೆ. ಈ ನೀರನ್ನು 24 ಗಂಟೆಗಿಂತ ಹೆಚ್ಚು ಕೂಡಿಡಬಾರದು.

ಇನ್ನು ತಾರಸಿ. ಸ್ಲ್ಯಾಬಿಗೆ ರಂಧ್ರ ಕೊರೆಯಬೇಡಿ, ಮಳೆಗಾಲದಲ್ಲಿ ಸೋರುತ್ತದೆ. ನಾನು 20 ಲೀಟರಿನ ಪೇಂಟ್ ಬಕೆಟುಗಳಿಗೆ ಕಾಂಕ್ರೀಟ್ ತುಂಬಿ, ಅದರಲ್ಲಿ ಜಿಐ ಪೈಪ್ ನಿಲ್ಲಿಸಿದೆ. ಪಾಲಿಹೌಸ್ 10 ಅಡಿ ಅಗಲ, 20 ಅಡಿ ಉದ್ದ. ಮೇಲೆ 200 ಮೈಕ್ರಾನಿನ ಯುವಿ ಶೀಟು, ನಾಲ್ಕೂ ಬದಿಗೆ 40 ಮೆಶ್ಶಿನ ಕೀಟ ಪರದೆ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಪರದೆ ಹಾಕಿದ ಕಿಂಡಿ. ಫ್ಯಾನು, ಕೂಲಿಂಗ್ ಪ್ಯಾಡು ಮಾರುವವರು ಬರುತ್ತಾರೆ. ಸಮುದ್ರಮಟ್ಟದಿಂದ ಸಾಕಷ್ಟು ಎತ್ತರದಲ್ಲಿರುವ ನಮ್ಮ ಊರಿಗೆ ಅವು ಬೇಡ. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ ಎಳೆಯಲು ಒಂದು ಶೇಡ್‌ನೆಟ್ ಇದ್ದರೆ ಸಾಕು. ಆದರೆ ಗಾಳಿಗೆ ಹೆದರಬೇಕು. ಮೊದಲ ವರ್ಷ ಶೀಟನ್ನು ಬರೀ ಹಗ್ಗದಲ್ಲಿ ಕಟ್ಟಿದ್ದೆ, ಮೇ ತಿಂಗಳ ಒಂದು ಸಂಜೆಯ ಗುಡುಗು ಮಳೆ ಅದನ್ನು ಹರಿದು ಪಕ್ಕದ ಮನೆಯ ತೆಂಗಿನಮರಕ್ಕೆ ಸುತ್ತಿತು. ಈಗ ಅಲ್ಯೂಮಿನಿಯಂ ಪಟ್ಟಿಯೊಳಗೆ ಝಿಗ್‌ಜ್ಯಾಗ್ ಸ್ಪ್ರಿಂಗ್ ಒತ್ತಿ ಕೂರಿಸಿದ್ದೇನೆ. ಅದರ ಖರ್ಚಿನಲ್ಲಿ ಉಳಿತಾಯ ನೋಡಬೇಡಿ.

ಶೋಧಿಸಿದ ನೀರು ಯಾವ ಗಿಡಕ್ಕೆ, ಹೇಗೆ ಎಂಬುದೇ ಇಲ್ಲಿ ಮುಖ್ಯ. ಟೊಮೇಟೊ, ಬದನೆ, ದಪ್ಪ ಮೆಣಸಿನಕಾಯಿಗಳ ಗ್ರೋಬ್ಯಾಗಿಗೆ ಡ್ರಿಪ್‌ನಲ್ಲಿ, ಒಣ ಎಲೆಯ ಹೊದಿಕೆಯ ಕೆಳಗೆ ಹನಿಯಬೇಕು. ಎಲೆಗಾಗಲಿ ಕಾಯಿಗಾಗಲಿ ತಾಗಬಾರದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗೆ ಈ ನೀರು ಬೇಡವೇ ಬೇಡ. ನಲವತ್ತು ಬ್ಯಾಗಿಗೆ ದಿನಕ್ಕೆ ಎರಡೆರಡು ಲೀಟರ್, ಉಳಿದದ್ದು ಕೆಳಗಿನ ಬಾಳೆಗೆ. ಟೊಮೇಟೊದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ತಳಿ ನನಗೆ ಒಗ್ಗಿದೆ, ಎಲೆ ಮುದುಡು ರೋಗವನ್ನು ತಡೆದುಕೊಳ್ಳುತ್ತದೆ. ಪರದೆಯೊಳಗೆ ಜೇನು ಬರುವುದಿಲ್ಲವಾದ್ದರಿಂದ ಬೆಳಿಗ್ಗೆ ಹತ್ತರ ಹೊತ್ತಿಗೆ ಟೊಮೇಟೊ ಕಟ್ಟಿದ ದಾರವನ್ನು ಮೆಲ್ಲಗೆ ಅಲುಗಿಸಿ, ಪರಾಗ ಉದುರಿ ಕಾಯಿ ಕಟ್ಟುತ್ತದೆ. ಹೀರೆ, ಸೋರೆಗೆ ಅಷ್ಟು ಸಾಲದು, ಅವನ್ನು ಹೊರಗೇ ಹಬ್ಬಿಸಿ.

ಸೋಪಿನಲ್ಲಿರುವ ಸೋಡಿಯಂ ನಿಧಾನವಾಗಿ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಎಲೆಯಂಚು ಸುಟ್ಟಂತೆ ಕಂದಾದರೆ, ಬ್ಯಾಗಿನ ಮೇಲೆ ಬಿಳಿ ಪೊರೆ ಕಟ್ಟಿದರೆ ಅದೇ ಗುರುತು. ಪ್ರತಿ ಬ್ಯಾಗಿಗೆ ಒಂದು ಹಿಡಿ ಜಿಪ್ಸಮ್ ಬೆರೆಸಿ, ತಳದಿಂದ ಹರಿದುಹೋಗುವಷ್ಟು ಮಳೆನೀರು ಹೊಯ್ಯಿರಿ. ನಾವು ಮೂರು ತಿಂಗಳಿಗೊಮ್ಮೆ ಮಾಡುತ್ತೇವೆ. ಬಟ್ಟೆಗೆ ಅಂಟುವಾಳ, ತಲೆಗೆ ಸೀಗೆಕಾಯಿ ಬಳಸಲು ಶುರುಮಾಡಿದ ಮೇಲೆ ಆ ಬಿಳಿ ಪೊರೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಇದೇ ಕಾರಣಕ್ಕೆ ಮಣ್ಣಿಲ್ಲದ ಹೈಡ್ರೋಪೋನಿಕ್ಸ್ ಚಾನೆಲ್ಲಿಗೆ, ಅಂದರೆ ಗಿಡದ ಬೇರಿಗೆ ಪೋಷಕಾಂಶದ ನೀರು ಹರಿಸುವ ಕೊಳವೆಗೆ, ಸ್ನಾನದ ನೀರು ಹಾಕಲೇಬಾರದು. ಅಲ್ಲಿ ಒಂದೇ ನೀರು ಸುತ್ತುತ್ತಿರುತ್ತದೆ, ಉಪ್ಪಿಗೆ ಹೊರಹೋಗುವ ದಾರಿಯಿಲ್ಲ. ಅದಕ್ಕೆ ಮಳೆನೀರು. ಪಾಲಿಹೌಸಿನ ಚಾವಣಿಯೇ 200 ಚದರಡಿ. 25 ಮಿಲಿಮೀಟರ್ ಮಳೆ ಬಿದ್ದರೆ 450 ಲೀಟರ್. ಎರಡು 500 ಲೀಟರಿನ ಟ್ಯಾಂಕುಗಳನ್ನು ಪಿಲ್ಲರಿನ ನೆತ್ತಿಯ ಮೇಲೇ ಕೂರಿಸಿ, ಏಕೆಂದರೆ ತುಂಬಿದ ಒಂದೊಂದೂ ಅರ್ಧ ಟನ್ ತೂಗುತ್ತದೆ. ಬಾಯಿಗೆ ಪರದೆ ಕಟ್ಟದಿದ್ದರೆ ಡೆಂಗಿ ಸೊಳ್ಳೆಗೆ ಇದೇ ಮನೆ. 12 ಅಡಿಯ ನಾಲ್ಕು ಚಾನೆಲ್, ತುದಿಯಿಂದ ತುದಿಗೆ ಮೂರೂವರೆ ಇಂಚು ಇಳಿಜಾರು, ಎಂಬತ್ತು ಗಿಡ. ಪಾಲಕ್, ಲೆಟ್ಯೂಸ್, ಪುದೀನ ಬೆಳೆಯುತ್ತೇವೆ. ದಿನಕ್ಕೆ 12ರಿಂದ 15 ಲೀಟರ್ ಸಾಕು. ಲೆಟ್ಯೂಸಿಗೆ ಇಸಿ (ನೀರಿನಲ್ಲಿ ಕರಗಿದ ಪೋಷಕಾಂಶ ಎಷ್ಟಿದೆ ಎಂದು ತೋರಿಸುವ ಅಳತೆ) 1.2ರಿಂದ 1.6, ಪಿಎಚ್ 5.5ರಿಂದ 6.5ರೊಳಗಿರಲಿ, ಎರಡನ್ನೂ ಅಳೆಯುವ ಪೆನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಪೋಷಕಾಂಶದ ಎ ಮತ್ತು ಬಿ ದ್ರಾವಣಗಳನ್ನು ಗಟ್ಟಿಯಿರುವಾಗಲೇ ಒಂದಕ್ಕೊಂದು ಸೇರಿಸಬೇಡಿ, ಕ್ಯಾಲ್ಸಿಯಂ ಗಸಿಯಾಗಿ ತಳ ಸೇರುತ್ತದೆ. ನೀರಿಗೆ ಒಂದನ್ನು ಹಾಕಿ ಕಲಕಿ, ಆಮೇಲೆ ಇನ್ನೊಂದು. ಹಳೆಯದಾದ ದ್ರಾವಣವನ್ನು ತೆಳು ಮಾಡಿ ಬಾಳೆಗೆ ಹಾಕಿ. ಮೋರಿಗೆ ಸುರಿದರೆ ಅದು ಹೋಗುವುದು ಕೊಳಚೆ ತುಂಬಿ ಹರಿಯುವ ವೃಷಭಾವತಿ ನದಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ. ಆ ಕೆರೆಯ ಕೆಳಗಿನ ರೈತರ ಪಾಡು ನೋಡಿದ್ದೇನೆ, ಅವರಿಗೆ ನನ್ನ ಮನೆಯಿಂದ ಇನ್ನೊಂದು ಹನಿ ಹೊರೆ ಹೋಗಬಾರದು.

ವಿದ್ಯುತ್ತಿನ ವಿಷಯ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ನೀರಿರುವ ಕಡೆಯ ಲೈನಿಗೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು. ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಚಾನೆಲ್ಲಿನ ಪಂಪು 12 ವೋಲ್ಟಿನದಾಗಲಿ, ಬ್ಯಾಟರಿಯ ಮೇಲೆ ಓಡಲಿ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ನೀರು ನಿಂತರೆ, ಒಂದೆರಡು ಗಂಟೆಯಲ್ಲೇ ಬೇರು ಒಣಗಿ ಗಿಡ ಜೋತುಬೀಳುತ್ತದೆ. ಮಣ್ಣಿನ ತೇವ ನೋಡುವ ಸೆನ್ಸರ್ ಕೊಳ್ಳುವುದಾದರೆ ಕೆಪಾಸಿಟಿವ್ ಜಾತಿಯದನ್ನೇ ಕೇಳಿ, ಎರಡು ಬರಿಯ ಕಡ್ಡಿಯವು ಬೇಗ ತುಕ್ಕು ಹಿಡಿಯುತ್ತವೆ.

ನಮ್ಮಲ್ಲಿ ಜನವರಿ ಕೊನೆಗೆ ಮಳೆನೀರು ಮುಗಿಯುತ್ತದೆ. ಆಗ ಚಾನೆಲ್ ತೊಳೆದು ಕವುಚಿಡುತ್ತೇನೆ, ನಲ್ಲಿಯ ನೀರನ್ನು ಅದಕ್ಕೆ ಬಳಸುವುದಿಲ್ಲ. ಏಪ್ರಿಲ್‌ನ ಮೊದಲ ಮಳೆಯಲ್ಲಿ ಶೀಟಿನ ಧೂಳು ತೊಳೆದುಹೋಗಲಿ. ಎರಡನೇ ಮಳೆಯಿಂದ ಟ್ಯಾಂಕಿಗೆ ಬಿಟ್ಟು ಮತ್ತೆ ಶುರು. ಹೊಸದಾಗಿ ಮಾಡುವವರು ಜೂನ್‌ನಲ್ಲಿ ಕಾಬಾಳೆ ತೊಟ್ಟಿಯಿಂದ ಆರಂಭಿಸಿ, ಪಾಲಿಹೌಸು ಆಮೇಲೆ ಬರಲಿ. ವರ್ಷ ತುಂಬುವಷ್ಟರಲ್ಲಿ ಕಾಬಾಳೆ ತೊಟ್ಟಿ ತುಂಬಾ ಒತ್ತಾಗಿ ನೀರಿನ ದಾರಿ ಕಟ್ಟುತ್ತದೆ. ಮೂರರಲ್ಲೊಂದು ಪಾಲು ಕಿತ್ತು, ಗಡ್ಡೆಯನ್ನು ಎರಡೆರಡು ಕಣ್ಣಿರುವಂತೆ ಕತ್ತರಿಸಿ. ನಾನು ಅವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗೇಟಿನ ಹೊರಗೆ ಬಕೆಟಿನಲ್ಲಿಡುತ್ತೇನೆ. ನಮ್ಮ ಬೀದಿಯಲ್ಲಿ ಈಗ ಮೂರು ಮನೆಯ ಸಂದಿಯಲ್ಲಿ ಅದೇ ಕಾಬಾಳೆಯ ಕೆಂಪು ಹೂ ಬಿಟ್ಟಿದೆ.